ಪರದೆಯ ಹಿಂಬದಿಯ ಚಂದ್ರಲೋಕ

ವಿಜಾಪುರದ ಹತ್ತಿರದ ಟಿಕೋಟಾದಲ್ಲಿ ಒಮ್ಮೆ ಒಂದೇ ಸಂಜೆ, ಒಂದೇ ಡೇರೆಯಲ್ಲಿ, ಒಂದೇ ಸಿನಿಮಾ ನೋಡಿದ ಜನ ಎರಡು ಬೇರೆ ಬೇರೆ ಕಥೆಗಳನ್ನು ಮನೆಗೆ ಒಯ್ದರು. ಗಂಡಸರು ಒಯ್ದ ಕಥೆಯಲ್ಲಿ ಚಂದ್ರಲೋಕಕ್ಕೆ ಹೋದವನು ಬದುಕಿ ಮರಳಿದ್ದ. ಹೆಂಗಸರು ಒಯ್ದ ಕಥೆಯಲ್ಲಿ ಅವನು ಅಲ್ಲಿಯೇ ತೀರಿಹೋಗಿದ್ದ. ಇದು 1964ರ ಯುಗಾದಿಗೆ ಮೊದಲಿನ ಮಾತು. ಗಂಡಸರಿಗೆ ಕಥೆ ಹೇಳಿದವನು ಡೇರೆಯ ಮಾಲೀಕ ಲಾಡಲೇಸಾಬ. ಹೆಂಗಸರಿಗೆ ಹೇಳಿದವಳು ಊರಿನ ಕಂದಾಯ ನೋಡುತ್ತಿದ್ದ ತಲಾಟಿ ಪ್ರಲ್ಹಾದರಾಯರ ಹೆಂಡತಿ ಹೀರಾಬಾಯಿ. ಈ ಬರಹ ಆಕೆಯನ್ನು ಕುರಿತದ್ದು.

ಹೀರಾಬಾಯಿ ಹುಟ್ಟಿದ್ದು ವಿಜಾಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ. ಊರು ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಓದಿದವಳಾದ್ದರಿಂದ ಆಕೆಗೆ ಮರಾಠಿ ಪುಸ್ತಕವೂ ಕನ್ನಡ ಪುಸ್ತಕವೂ ಒಂದೇ ಓಟದಲ್ಲಿ ಸಾಗುತ್ತಿದ್ದವು. ಏಳನೆಯ ಇಯತ್ತೆಗೆ ಸಾಲೆ ನಿಂತಿತು, ಓದು ನಿಲ್ಲಲಿಲ್ಲ. ಆಕೆಯ ಅಣ್ಣ ಪಾಂಡು ರೈಲು ನಿಲ್ದಾಣದಲ್ಲಿ ಪತ್ರಿಕೆ ಮಾರುವವನು. ಮಾರಾಟವಾಗದೆ ಉಳಿದ ಮರಾಠಿ ಮಾಸಿಕಗಳ ರಕ್ಷಾಪುಟ ಮಾತ್ರ ಏಜೆಂಟರಿಗೆ ಹಿಂದಿರುಗುತ್ತಿತ್ತು. ಮುಖವಿಲ್ಲದ ಉಳಿದ ಪುಟಗಳು ಟಿಕೋಟಾದ ಬಸ್ಸಿನಲ್ಲಿ ತಂಗಿಗೆ ಬರುತ್ತಿದ್ದವು. ಆ ಮಾಸಿಕಗಳಲ್ಲಿ ಆಕೆ ಹುಡುಕುತ್ತಿದ್ದುದು ಉಪ್ಪಿನಕಾಯಿಯ ವಿಧಾನವನ್ನಲ್ಲ, ದೂರದ ದೇಶಗಳ ವಿಜ್ಞಾನದ ಕಥೆಗಳನ್ನು. ಸಮುದ್ರದ ತಳದಲ್ಲಿ ಊರು ಕಟ್ಟಿದವರು, ಕಾಲದಲ್ಲಿ ಹಿಂದಕ್ಕೆ ನಡೆದವರು, ಗ್ರಹದಿಂದ ಗ್ರಹಕ್ಕೆ ಹಾರಿದವರು ಆಕೆಯ ಅಡುಗೆಮನೆಯಲ್ಲಿ ಸುಳಿದಾಡುತ್ತಿದ್ದರು. ಚಂದ್ರನ ಮೇಲೆ ಗಾಳಿಯಿಲ್ಲ ಎಂಬುದು ಆಕೆಗೆ ನಾಳೆ ಏಕಾದಶಿ ಎಂಬಷ್ಟೇ ಸಹಜವಾದ ಸಂಗತಿಯಾಗಿತ್ತು. ಆದರೆ ಅದನ್ನು ಯಾರಿಗೆ ಹೇಳುವುದು? ಪ್ರಲ್ಹಾದರಾಯರು ಒಳ್ಳೆಯ ಮನುಷ್ಯ. ಎರಡನೆಯ ವಾಕ್ಯಕ್ಕೆ ನಿದ್ದೆ ಹೋಗುತ್ತಿದ್ದರು.

ಕೇಳುವವರು ಸಿಕ್ಕಿದ್ದು ಡೇರೆಯಲ್ಲಿ. ಜೋಳದ ರಾಶಿ ಮುಗಿದ ಮೇಲೆ ಲಾಡಲೇಸಾಬ ಟಿಕೋಟಾದಲ್ಲಿ ಕೆಲವು ವಾರ, ಬಬಲೇಶ್ವರದಲ್ಲಿ ಕೆಲವು ವಾರ ಡೇರೆ ಹೂಡುತ್ತಿದ್ದ. ಪರದೆ ಡೇರೆಯ ನಡುವೆ ತೂಗುತ್ತಿತ್ತು. ಮುಂಬದಿಗೆ ಗಂಡಸರು, ಹಿಂಬದಿಗೆ ಹೆಂಗಸರು. ತೆಳು ಬಟ್ಟೆಯ ಮೇಲೆ ಎರಡೂ ಕಡೆ ಚಿತ್ರ ಮೂಡುತ್ತಿತ್ತು. ಆದರೆ ಹಿಂಬದಿಗೆ ಎಲ್ಲವೂ ತಿರುವುಮುರುವು. ಟಿಕೋಟಾದ ಹೆಂಗಸರು ನೋಡಿದ ವೀರರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದವರು, ವರರೆಲ್ಲ ಎಡಗೈಯಲ್ಲಿ ತಾಳಿ ಕಟ್ಟಿದವರು. ಅದು ಯಾರಿಗೂ ಕೊರತೆ ಎನಿಸಿರಲಿಲ್ಲ.

ಲಾಡಲೇಸಾಬನ ಬಳಿ ಇದ್ದುದು ಒಂದೇ ಯಂತ್ರ. ಒಂದು ಸುರುಳಿ ಮುಗಿದು ಇನ್ನೊಂದನ್ನು ಏರಿಸುವವರೆಗೆ ಪರದೆ ಬರಿದಾಗುತ್ತಿತ್ತು. ಆ ಬಿಡುವಿನಲ್ಲಿ ಅವನು ಗಂಡಸರ ಎದುರು ನಿಂತು, ಆಗಿಹೋದ ಕಥೆಯನ್ನು ಬಿಡಿಸಿ, ಆಗಲಿರುವುದರ ಸುಳಿವು ಕೊಡುತ್ತಿದ್ದ. ಹಿಂದಿ ಅರ್ಧ ತಿಳಿಯುತ್ತಿದ್ದ, ಇಂಗ್ಲಿಷು ಏನೂ ತಿಳಿಯದ ಜನಕ್ಕೆ ಅವನ ಮಾತೇ ಸಿನಿಮಾ. ಹೆಂಗಸರಿಗೆ ಮಾತ್ರ ಅದು ಕೇಳುತ್ತಿರಲಿಲ್ಲ. ವಿದ್ಯುತ್ತು ಕೊಡುವ ಇಂಜಿನನ್ನು ಅವರ ಬದಿಯ ಅಂಚಿಗೇ ನಿಲ್ಲಿಸಿದ್ದರು. ಅದು ಎಡೆಬಿಡದೆ ಗುಡುಗುತ್ತಿತ್ತು. ಹೀಗಾಗಿ ಒಂದು ಚಾ ಪೆಟ್ಟಿಗೆಯನ್ನು ಬೋರಲು ಹಾಕಿ, ಹೆಂಗಸರಿಗೆ ಕಥೆ ಹೇಳಲು ಹೀರಾಬಾಯಿಯನ್ನು ಅದರ ಮೇಲೆ ಕೂರಿಸಿದರು. ಮೊದಲ ವರ್ಷ ಸಂಕೋಚದಿಂದ ಹೋದವಳು ಎರಡನೆಯ ವರ್ಷ ಡೇರೆಯ ಗೂಟ ಹೊಡೆಯುವ ಸದ್ದಿಗೆ ಕಿವಿಗೊಟ್ಟು ಕಾಯತೊಡಗಿದಳು. ಇಡೀ ಊರಿನಲ್ಲಿ ಆಕೆಯ ಮಾತನ್ನು ಯಾರಾದರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದ ಜಾಗ ಆ ಪೆಟ್ಟಿಗೆಯೊಂದೇ.

ಪೆಟ್ಟಿಗೆಗೆ ತೀರ ಹತ್ತಿರ ಕುಳಿತುಕೊಳ್ಳುತ್ತಿದ್ದವಳು ಸೀತವ್ವ. ಆಕೆಯ ಗಂಡ ಧೂಳಪ್ಪ ಮದುವೆಯಾದ ಮರುವರ್ಷವೇ, 1959ರಲ್ಲಿ, ಮುಂಬಯಿ ಬಂದರಿಗೆ ಹೋಗಿ ಹಡಗಿನ ಕೆಲಸಕ್ಕೆ ಸೇರಿದ್ದ. ಮೊದಮೊದಲು ಊರಿನವರ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದ. ಆಮೇಲೆ ಏನೂ ಇಲ್ಲ. ಹಡಗು ಮುಳುಗಿತೆಂದು ಒಬ್ಬರು, ಬೇರೆ ದೇಶದಲ್ಲಿ ಇಳಿದುಕೊಂಡನೆಂದು ಇನ್ನೊಬ್ಬರು ಹೇಳಿದರು. ಕಂಡವರು ಯಾರೂ ಇರಲಿಲ್ಲ. ಸೀತವ್ವ ಅತ್ತೆ ಪರಸವ್ವನ ಜೊತೆ ಕೂಲಿಗೆ ಹೋಗಿ ಬದುಕುತ್ತಿದ್ದಳು. ಆ ವರ್ಷ ಕಾಖಂಡಕಿಯ ಭಾಗಪ್ಪನೆಂಬ ವಿಧುರ ಉಡಿಕೆಯ ಮಾತು ಕಳಿಸಿದ್ದ. ಉಡಿಕೆಯೆಂದರೆ ಗಂಡನಿಲ್ಲದವಳಿಗೆ ಅವರ ಜನಾಂಗದಲ್ಲಿ ಒಪ್ಪಿತವಾಗಿದ್ದ ಎರಡನೆಯ ಸಂಬಂಧ. ವಾಲಗವಿಲ್ಲ, ಹಂದರವಿಲ್ಲ, ಆದರೆ ಮರ್ಯಾದೆಗೆ ಕೊರತೆಯಿಲ್ಲ. ಅದಕ್ಕೆ ಹಿರಿಯರ ಮುಂದೆ ಸೊಸೆ ತನ್ನ ಬಾಯಿಂದ ಒಪ್ಪಿಗೆ ಹೇಳಬೇಕು, ಅತ್ತೆ ಹೌದೆನ್ನಬೇಕು. ಯುಗಾದಿಯವರೆಗೆ ಕಾಯುತ್ತೇನೆಂದು ಭಾಗಪ್ಪ ಹೇಳಿದ್ದ. ಪರಸವ್ವ ಹೌದೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಆ ಹೌದು ಮಗನ ಮೇಲೆ ತಾನೇ ಹಾಕುವ ಮೊದಲ ಹಿಡಿ ಮಣ್ಣೆಂದು ಆಕೆಗೆ ಗೊತ್ತಿತ್ತು.

ಹೀಗಿರುವಾಗ ಲಾಡಲೇಸಾಬ ಒಂದು ದಿನ ತಲಾಟಿಯವರ ಕಟ್ಟೆಗೆ ಬಂದು ಕುಳಿತ.

"ಬಾಯಾರ, ಈ ಸಲ ಹುಬ್ಬಳ್ಳಿಯಿಂದ ಇಂಗ್ಲೀಷ ಪಿಚ್ಚರ ತಂದೇನ್ರಿ. ಹಾಡಿಲ್ಲ, ಕುಣಿತಿಲ್ಲ. ಒಬ್ಬಾಂವ ಚಂದ್ರಾಮನ ಮ್ಯಾಲ ಹೋಗ್ತಾನ. ನನಗಂತೂ ಒಂದಕ್ಷರ ತಿಳೀಲಿಲ್ಲ."

"ತಿಳೀಲಾರದ ಹೆಂಗ ಹೇಳ್ತೀಯೋ ಮಂದಿಗೆ?"

"ತಿಳದ್ರ ಹೇಳೂದು ತ್ರಾಸರಿ. ತಿಳೀದಿದ್ರ ಸಲೀಸು."

ಮೊದಲ ಸುರುಳಿ ಮುಗಿಯುವುದರೊಳಗೆ ಹೀರಾಬಾಯಿ ಕಥೆಯನ್ನು ಗುರುತಿಸಿದಳು. ಅದು ಒಂದು ವಿದೇಶಿ ಕಾದಂಬರಿ. ಅದರ ಮರಾಠಿ ರೂಪವನ್ನು ಆಕೆ ಪಾಂಡು ಕಳಿಸಿದ ಮಾಸಿಕಗಳಲ್ಲಿ ತಿಂಗಳಿಂದ ತಿಂಗಳಿಗೆ ಕಾದು ಓದಿದ್ದಳು. ಯಂತ್ರಶಿಲ್ಪಿಯೊಬ್ಬ ತಾನೇ ಕಟ್ಟಿದ ನೌಕೆಯಲ್ಲಿ ಚಂದ್ರನ ಮೇಲೆ ಇಳಿಯುತ್ತಾನೆ. ನೌಕೆಯ ಒಂದು ಕೀಲು ಮುರಿಯುತ್ತದೆ. ಅದನ್ನು ಸರಿಪಡಿಸುವಷ್ಟರಲ್ಲಿ ಅಲ್ಲಿ ಸೂರ್ಯ ಮುಳುಗುತ್ತಾನೆ. ಚಂದ್ರನ ಒಂದು ರಾತ್ರಿ ನಮ್ಮ ಎರಡು ವಾರದಷ್ಟು ಉದ್ದ; ಅದರ ಚಳಿಯಲ್ಲಿ ನೌಕೆಯ ಇಂಧನ ಹೆಪ್ಪುಗಟ್ಟುತ್ತದೆ. ಇತ್ತ ಅವನ ಹೆಂಡತಿ ಕಿಟಕಿಯಲ್ಲಿ ದೀಪವಿಟ್ಟು ಕಾಯುತ್ತಾಳೆ. ಆದರೆ ಆಕೆ ಜ್ಯೋತಿರ್ವಿಜ್ಞಾನಿಯ ಮಗಳು. ಆ ರಾತ್ರಿಯ ಉದ್ದವೂ ಅವನ ಬಳಿಯಿರುವ ಗಾಳಿಯ ಅಳತೆಯೂ ಆಕೆಗೆ ಗೊತ್ತು. ಗಾಳಿ ಮುಗಿದಿರಲೇಬೇಕಾದ ಮುಂಜಾನೆ ಆಕೆ ಎದ್ದು ದೀಪ ಆರಿಸುತ್ತಾಳೆ. ಕಾದಂಬರಿ ಮುಗಿಯುತ್ತದೆ.

ವಿಜ್ಞಾನದ ದೃಷ್ಟಿಯಿಂದ ಆ ಕಾದಂಬರಿಯಲ್ಲಿ ದೋಷಗಳು ಇರಲಿಲ್ಲವೆಂದಲ್ಲ. ಒಬ್ಬನೇ ಮನುಷ್ಯ ಹಿತ್ತಿಲಲ್ಲಿ ಅಂಥ ನೌಕೆ ಕಟ್ಟುವುದು ಪವಾಡಕ್ಕೆ ಹತ್ತಿರದ ಮಾತು. ಆದರೆ ಆ ದೀರ್ಘರಾತ್ರಿ ಸುಳ್ಳಲ್ಲ, ಅದರ ಚಳಿಯೂ ಸುಳ್ಳಲ್ಲ. ಪ್ರೀತಿಯ ಮುಂದೆ ನಿಸರ್ಗ ತನ್ನ ನಿಯಮವನ್ನು ಸಡಿಲಿಸುವುದಿಲ್ಲ ಎಂಬುದೇ ಅದರ ತಿರುಳು. ಸಿನಿಮಾದವರು ತಿದ್ದಿದ್ದು ಸರಿಯಾಗಿ ಅದನ್ನೇ.

ಕೊನೆಯ ಸುರುಳಿಗೆ ಮುಂಚಿನ ಬಿಡುವಿನಲ್ಲಿ ಹೀರಾಬಾಯಿ ತಾನು ಓದಿದ್ದನ್ನು ಹೇಳಿದಳು. ಚಳಿ, ಹೆಪ್ಪುಗಟ್ಟಿದ ಇಂಧನ, ಮುಗಿಯುತ್ತಿರುವ ಗಾಳಿ. ಆರುವ ದೀಪದ ತನಕ ಹೇಳಿ ನಿಲ್ಲಿಸಿದಳು. ಆಮೇಲೆ ಪರದೆ ಬೆಳಗಿತು. ಚಂದ್ರನ ಮೇಲೆ ಸೂರ್ಯ ಮೂಡಿದ, ನೌಕೆ ಹೊಗೆ ಕಾರಿ ಎದ್ದಿತು, ಸಮುದ್ರಕ್ಕೆ ಬಿತ್ತು, ಒದ್ದೆ ಬಟ್ಟೆಯ ಮನುಷ್ಯನೊಬ್ಬ ದೀಪವಿದ್ದ ಕಿಟಕಿಯ ಕಡೆ ನಡೆದುಬಂದ. ಹೆಂಡತಿ ಓಡಿ ಬಂದು ಅವನನ್ನು ತಬ್ಬಿದಳು.

ಹೆಂಗಸರೆಲ್ಲ ಪೆಟ್ಟಿಗೆಯ ಕಡೆ ತಿರುಗಿದರು.

"ಬಂದನಲ್ರಿ ಬಾಯಾರ?" ಎಂದಳು ಸಕ್ರವ್ವ, ಬಡಗೇರ ಓಣಿಯವಳು. "ನೀವ ಸತ್ತ ಅಂದ್ರೆಲ್ಲ?"

ಹೀರಾಬಾಯಿ ಪರದೆಯನ್ನೇ ನೋಡುತ್ತಿದ್ದಳು. "ಬಂದಿಲ್ಲ" ಎಂದಳು ನಿಧಾನವಾಗಿ. "ಇದು ಅವಗ ಜೀವಾ ಹೋಗುಮುಂದ ಬಿದ್ದ ಕನಸು."

ಆ ಕ್ಷಣಕ್ಕೆ ಸರಿಯಾಗಿ ಬಟ್ಟೆಯ ಆಚೆ ಬದಿಯಿಂದ ಸೀಟಿ, ಚಪ್ಪಾಳೆ, ರುಮಾಲು ಹಾರಿಸಿದ ಗದ್ದಲ ಇಂಜಿನನ್ನೂ ಮೀರಿ ಕೇಳಿಬಂದವು. ಈಚೆ ಬದಿಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

ಮರುದಿನ ಬೆಳಿಗ್ಗೆ ಊರೆಲ್ಲ ಒಂದೇ ಜಗಳ. ಬಾವಿಯ ದಂಡೆಯಲ್ಲಿ ಸಕ್ರವ್ವ ಹೇಳಿದಳು: "ನಮ್ಮನಿ ಯಜಮಾನ ರೊಟ್ಟಿ ಬಿಟ್ಟ ಎದ್ದ ಹೋಗ್ಯಾನ. ಅವ ಬದಿಕ್ಯಾನ ಅಂತಾನ. ನಾ ಸತ್ತಾನ ಅಂದೆ. ನೀ ಏನ ಹೆಣಾ ಹೊತ್ತಿದ್ದೇನ ಅಂತ ನನ್ನ ಕೇಳ್ತಾನ."

ಪರಸವ್ವನ ತಮ್ಮ ಹಣಮಂತ ಎತ್ತಿಗೆ ನೀರು ಕುಡಿಸಲು ಬಂದಿದ್ದ. ಡೇರೆ ನಿಂತ ಜಾಗ ಅವನದು. "ಹಿಂದ ಕುಂತ ನೋಡಿದ್ರ ಹಂಗ ಆಗ್ತೈತಿ" ಎಂದ. "ಎಡಾ ಇದ್ದದ್ದು ಬಲಾ, ಬದುಕಿದಾಂವ ಸತ್ತಾಂವ."

"ಮುಂದ ಕುಂತು ಸೀಟಿ ಊದೂದು ಬಿಟ್ಟು ಕಿವಿ ತಗದ ಕೇಳಿದ್ರ ತಿಳೀತಿತ್ತು ನಿಮಗ."

"ಕೇಳೀವ್ಬೇ. ಲಾಡಲೇಸಾಬ ಹೇಳ್ಯಾನ, ಅವಗ ಆಮ್ಯಾಲೆ ಎರಡು ಗಂಡು ಮಕ್ಕಳೂ ಆದುವಂತ."

ಎಲ್ಲರೂ ನಕ್ಕರು. ಕೊಡ ತುಂಬಿಕೊಳ್ಳುತ್ತಿದ್ದ ಸೀತವ್ವ ನಗಲಿಲ್ಲ. ಮಧ್ಯಾಹ್ನ ಆಕೆ ತಲಾಟಿಯವರ ಹಿತ್ತಿಲಿಗೆ ಬಂದಳು. ಹೀರಾಬಾಯಿ ಅಕ್ಕಿ ಹಸನು ಮಾಡುತ್ತಿದ್ದಳು.

"ಬಾಯಾರ, ಎರಡರಾಗ ಖರೇದು ಯಾವದ್ರಿ?"

"ಪುಸ್ತಕದ್ದು. ಮೊದಲ ಅದನ್ನ ಬರದದ್ದು. ಸಿನಿಮಾದವರು ಆಮ್ಯಾಲೆ ತಿದ್ದ್ಯಾರ."

"ಯಾಕ ತಿದ್ದಿದ್ರು?"

"ಸತ್ತ ಅಂದ್ರ ಮಂದಿ ನೋಡಲಿಕ್ಕೆ ಬರೂದಿಲ್ಲ ಅಂತ."

ಸೀತವ್ವ ಒಂದಿಷ್ಟು ಅಕ್ಕಿಯನ್ನು ತನ್ನ ಕಡೆ ಎಳೆದುಕೊಂಡು ಹಳ್ಳು ಆರಿಸತೊಡಗಿದಳು. "ಹಂಗಾರ ಆಕಿ ದೀಪಾ ಆರಿಸಿದ್ದು ತಪ್ಪಲ್ಲ?"

"ತಪ್ಪ್ಯಾಕ ಆಗ್ತದ? ಲೆಕ್ಕ ಗೊತ್ತಿತ್ತು ಆಕಿಗೆ. ಎಣ್ಣಿ ಸುಟ್ಟರ ಅಂವ ಬರ್ತಾನೇನು?"

ಹೀರಾಬಾಯಿ ಕಾದಂಬರಿಯ ಹೆಂಗಸಿನ ಬಗ್ಗೆ ಮಾತಾಡುತ್ತಿದ್ದಳು. ಸೀತವ್ವ ಬೇರೊಬ್ಬಳ ಬಗ್ಗೆ ಕೇಳುತ್ತಿದ್ದಾಳೆಂಬುದು ಆಕೆಗೆ ತಿಳಿಯದೆ ಇರಲಿಲ್ಲ. ತಿಳಿದೂ ಕಾದಂಬರಿಯ ಓದುಗಾರ್ತಿಯ ಹಾಗೆಯೇ ಉತ್ತರಿಸಿದಳು. ಚಂದ್ರನ ಚಳಿಯಿಂದ ಮುಂಬಯಿಯ ಹಡಗಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಕಾದಂಬರಿಯ ಹೆಂಡತಿಯ ಕೈಯಲ್ಲಿ ಲೆಕ್ಕವಿತ್ತು. ಸೀತವ್ವನ ಕೈಯಲ್ಲಿ ಇದ್ದುದು ಎರಡು ಗಾಳಿಸುದ್ದಿ ಮಾತ್ರ. ಇಷ್ಟು ಹೇಳುವ ಶಕ್ತಿ ಟಿಕೋಟಾದಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಹೀರಾಬಾಯಿಗೇ. ಆಕೆ ಹೇಳಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಸೀತವ್ವ ಅತ್ತೆಗೆ ಕಾಖಂಡಕಿಯ ಸಂಬಂಧಕ್ಕೆ ಒಪ್ಪಿಗೆ ಎಂದು ಹೇಳಿದಳು. ಪರಸವ್ವ ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ತಮ್ಮನ ಮನೆಗೆ ಹೋಗಿ ಹೊಸ್ತಿಲಲ್ಲಿ ಕುಳಿತಳು. ಹಣಮಂತ ನೇರವಾಗಿ ಡೇರೆಗೆ ಹೋದ.

ಮರುದಿನ ಲಾಡಲೇಸಾಬ ಮತ್ತೆ ತಲಾಟಿಯವರ ಕಟ್ಟೆಯಲ್ಲಿದ್ದ. ಈ ಸಲ ಕೂರಲಿಲ್ಲ.

"ಬಾಯಾರ, ಹಣಮಂತಪ್ಪ ಗೂಟ ಕೀಳ್ತೀನಿ ಅನ್ನಾಕತ್ತಾನ. ಸಿನಿಮಾ ತೋರಿಸಿ ನನ್ನ ಅಳಿಯನ್ನ ಸಾಯಿಸಿದ್ರಿ ಅಂತಾನ."

"ನಾ ಯಾರನ್ನೂ ಸಾಯಿಸಿಲ್ಲಪ್ಪಾ. ಪುಸ್ತಕದಾಗ ಇದ್ದದ್ದು ಹೇಳೀನಿ."

"ಪುಸ್ತಕ ಯಾರ ನೋಡ್ಯಾರ್ರೀ? ಮಂದಿ ನೋಡೂದು ಪರದೆ. ಪರದೆ ಮ್ಯಾಲ ಅಂವ ಎರಡು ಕಾಲಿಲೆ ನಡಕೋತ ಬಂದಾನ. ಇವತ್ತ ಹೆಂಗೈತಿ ಹಂಗ ಹೇಳಿಬಿಡ್ರಿ. ಇಲ್ಲಂದ್ರ ನಾ ಬ್ಯಾರೆ ಯಾರನ್ನರ ಕೂಡಸ್ತೀನಿ. ನನ್ನ ಹೊಟ್ಟೀ ಪಾಡರಿ ಇದು."

ಒಳಗಿನಿಂದ ಪ್ರಲ್ಹಾದರಾಯರು, "ಊರಿನ ಉಸಾಬರಿ ನಮಗ್ಯಾಕ? ಬಂದ ಅಂದ್ರ ನಿನ್ನ ಗಂಟೇನ ಹೋಗ್ತದ?" ಎಂದರು.

ಆ ಸಂಜೆ ಸೀತವ್ವ ಬಂದಿದ್ದಳು. ಪಕ್ಕದಲ್ಲಿ ಪರಸವ್ವನನ್ನು ಕೂರಿಸಿಕೊಂಡಿದ್ದಳು. ಅತ್ತೆಯೂ ದೀಪ ಆರುವ ಆ ಅಂತ್ಯವನ್ನು ತನ್ನ ಕಿವಿಯಿಂದಲೇ ಕೇಳಲಿ ಎಂಬುದು ಆಕೆಯ ಉದ್ದೇಶವಾಗಿದ್ದೀತು. ಕೊನೆಯ ಬಿಡುವು ಬಂದಾಗ ಹೀರಾಬಾಯಿ ಚಳಿಯ ಮಾತು ಹೇಳಿದಳು, ಗಾಳಿ ಮುಗಿಯುತ್ತ ಬಂದದ್ದನ್ನು ಹೇಳಿದಳು. ಆಮೇಲೆ ಸೂರ್ಯ ಮೂಡಿದನೆಂದಳು. ಇಂಧನ ಕರಗಿತೆಂದಳು. "ಮೊನ್ನೆ ನಾ ಹೇಳಿದ್ದು ತಪ್ಪಾಗಿತ್ತು. ಅಂವ ತಿರುಗಿ ಬಂದ. ಆಕಿ ದೀಪಾ ಆರಿಸಲಿಲ್ಲ, ಅದಕ್ಕ ಬಂದ."

'ಅದಕ್ಕ ಬಂದ' ಎಂಬ ಕೊನೆಯ ಎರಡು ಮಾತುಗಳನ್ನು ಹೇಳೆಂದು ಲಾಡಲೇಸಾಬ ಕೇಳಿಕೊಂಡಿರಲಿಲ್ಲ. ಅವು ಸಿನಿಮಾದಲ್ಲೂ ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಹೇಳುವವಳ ನಾಲಿಗೆಗೆ ಕಥೆಯ ತೂಕ ಸರಿಹೋಗಲೆಂದು ತಾನಾಗಿ ಬಂದಿದ್ದವು. ಹೆಂಗಸರು ಸಂತೋಷದಿಂದ ನಿಟ್ಟುಸಿರು ಬಿಟ್ಟರು. ಪರಸವ್ವ ಸೊಸೆಯ ಮುಂಗೈ ಹಿಡಿದುಕೊಂಡಳು. ಸೀತವ್ವ ಪರದೆಯ ಕಡೆ ನೋಡಲಿಲ್ಲ. ಹೀರಾಬಾಯಿಯ ಮುಖವನ್ನೇ ನೋಡುತ್ತಿದ್ದಳು.

ಎರಡು ದಿನಗಳಲ್ಲಿ ಕಾಖಂಡಕಿಗೆ ಇಲ್ಲವೆಂಬ ಮಾತು ಹೋಯಿತು. ಗಂಡ ಬರುವ ದಾರಿಯಲ್ಲಿ ದೀಪ ಆರಿಸಿದವಳು ಎನಿಸಿಕೊಳ್ಳಲು ಯಾವ ಸೊಸೆ ಸಿದ್ಧಳಿದ್ದಾಳು? ಭಾಗಪ್ಪ ಯುಗಾದಿಯ ಮಾತು ಮೀರಿಯೂ ಶ್ರಾವಣದ ತನಕ ತಡೆದು, ಆಮೇಲೆ ಬೇರೆ ಕಡೆ ಸಂಬಂಧ ಮಾಡಿಕೊಂಡ. ಡೇರೆ ಬಬಲೇಶ್ವರಕ್ಕೆ ಹೋಯಿತು. ಮುಂದಿನ ವರ್ಷ ಲಾಡಲೇಸಾಬ ಪೆಟ್ಟಿಗೆ ಹಾಕಿಸಿ ಹೇಳಿಕಳಿಸಿದಾಗ ಹೀರಾಬಾಯಿ ಮೈಯಲ್ಲಿ ಆರಾಮಿಲ್ಲವೆಂದಳು. ಅದರ ಮುಂದಿನ ವರ್ಷವೂ ಅದನ್ನೇ ಹೇಳಿದಳು. ಯಾವ ಪೆಟ್ಟಿಗೆಗಾಗಿ ಆಕೆ ತನ್ನ ಮಾತನ್ನು ಹಿಂತೆಗೆದುಕೊಂಡಿದ್ದಳೋ ಅದರ ಮೇಲೆ ಮತ್ತೆ ಕೂರುವುದು ಆಕೆಯಿಂದ ಆಗಲಿಲ್ಲ. ಪಾಂಡು ಕಳಿಸುವ ಮಾಸಿಕಗಳು ಬರುತ್ತಲೇ ಇದ್ದವು. ವಿಜ್ಞಾನದ ಕಥೆ ಬಂದ ಪುಟಗಳನ್ನು ಆಕೆ ಓದದೆಯೇ ಮಡಿಸಿ ಇಡುತ್ತಿದ್ದಳು.

1966ರಲ್ಲಿ ಪ್ರಲ್ಹಾದರಾಯರಿಗೆ ವಿಜಾಪುರಕ್ಕೆ ವರ್ಗವಾಯಿತು. ಸ್ಟೇಷನ್ ರಸ್ತೆಯ ಒಳಗಿನ ಓಣಿಯಲ್ಲಿ ಮನೆ. ಅಲ್ಲಿ ಸಿನಿಮಾ ಮಂದಿರಗಳಿಗೆ ಗೋಡೆಯಿತ್ತು, ಎಲ್ಲರೂ ಪರದೆಯ ಒಂದೇ ಬದಿಗೆ ಕೂರುತ್ತಿದ್ದರು. ಕಥೆ ಹೇಳುವವರ ಅಗತ್ಯ ಯಾರಿಗೂ ಇರಲಿಲ್ಲ. ಟಿಕೋಟಾದಿಂದ ಬಂದವರನ್ನೆಲ್ಲ ಆಕೆ ಒಂದು ಮಾತು ಕೇಳುತ್ತಿದ್ದಳು: ಧೂಳಪ್ಪನ ಸುದ್ದಿ ಬಂತೇ? ಬಂದಿರಲಿಲ್ಲ.

1969ರ ಜುಲೈ ಕೊನೆಯಲ್ಲಿ, ಚಂದ್ರನ ಮೇಲೆ ಇಳಿದ ಮನುಷ್ಯರು ಸುಖವಾಗಿ ಮರಳಿ ಸಮುದ್ರಕ್ಕೆ ಬಿದ್ದರೆಂದು ರೇಡಿಯೋ ಹೇಳಿತು. ಗಾಂಧಿ ಚೌಕದ ರೇಡಿಯೋ ಅಂಗಡಿಯ ಮುಂದೆ ಜನ ಕೊಡೆ ಹಿಡಿದು ನಿಂತಿದ್ದರು. ಕಾಯಿಪಲ್ಯಕ್ಕೆ ಬಂದಿದ್ದ ಹೀರಾಬಾಯಿ ಆ ಗುಂಪಿನ ಅಂಚಿನಲ್ಲಿ ಸೀತವ್ವನನ್ನು ಕಂಡಳು. ಅತ್ತೆಯ ಚಾಳೀಸು, ಅಂದರೆ ಕನ್ನಡಕ, ಒಡೆದಿತ್ತು. ಹೊಸ ಗಾಜು ಹಾಕಿಸಲು ಬಂದಿದ್ದಳು. ಇಬ್ಬರೂ ಬಸ್ ನಿಲ್ದಾಣದ ತನಕ ನಡೆದು ಕಲ್ಲಿನ ಹಾಸಿನ ಮೇಲೆ ಕುಳಿತರು.

"ಲಾಡಲೇಸಾಬ ಹೇಳಿದ್ದ ಖರೇ ಆತಲ್ರಿ ಬಾಯಾರ" ಎಂದಳು ಸೀತವ್ವ. "ಚಂದ್ರಾಮನ ಮ್ಯಾಲ ಹೋದವ್ರು ಬಂದ್ರು. ಮುಂಬಯಿ ಅಷ್ಟೇನು ದೂರಿಲ್ಲ."

"ಸೀತವ್ವಾ, ಆಗಿಂದು ಬರೇ ಕತಿ. ನಾ ಹಂಗ ಹೇಳಬಾರದಾಗಿತ್ತು. ಆರಿಸು ಅಂತನೂ ಹೇಳಬಾರದಾಗಿತ್ತು, ಇಡು ಅಂತನೂ ಹೇಳಬಾರದಾಗಿತ್ತು."

"ಕತಿ ಅಂತ ನನಗೂ ಗೊತ್ತಿತ್ರಿ." ಸೀತವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಏನ ಸಣ್ಣ ಹುಡಿಗೇನು? ಅಂವ ಬರೂದಿಲ್ಲಂತ ಒಳಗ ತಿಳದಿತ್ತು. ಯಾರರ ಒಬ್ರು ಬಾಯಿ ಬಿಟ್ಟು ಹೇಳಬೇಕಾಗಿತ್ತು. ನೀವ ಹೇಳಿದ್ರಿ. ಎದ್ದ ನಿಂತೆ. ನೀವ ಅಲ್ಲಂದ್ರಿ. ಕುಂತೆ."

ಟಿಕೋಟಾದ ಬಸ್ಸು ಬಂದು ನಿಂತಿತು. ಜನ ಏರತೊಡಗಿದರು. ಸೀತವ್ವ ಚಾಳೀಸಿನ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, ಬಹಳ ದಿನದಿಂದ ಕೇಳಬೇಕೆಂದಿದ್ದ ಸಣ್ಣ ಸಂಗತಿಯ ಹಾಗೆ ಕೇಳಿದಳು:

"ಆ ಪುಸ್ತಕದಾಗ, ದೀಪಾ ಆರಿಸಿದ ಮ್ಯಾಲ ಆಕಿ ಮುಂದ ಏನ ಮಾಡಿದಳ್ರಿ?"

ಹೀರಾಬಾಯಿ ನೆನಪು ಮಾಡಿಕೊಂಡಳು. ಮುಖವಿಲ್ಲದ ಮಾಸಿಕ, ಕೊನೆಯ ಪುಟ, ಕೊನೆಯ ಸಾಲು. ಈ ಸಲವೂ ಏನಾದರೂ ಸೇರಿಸಿ ಹೇಳಬಹುದಾಗಿತ್ತು.

"ಅದ ಬರದಿಲ್ಲ" ಎಂದಳು. "ದೀಪಾ ಆರಿಸೂದಕ್ಕ ಪುಸ್ತಕ ಮುಗೀತದ."

"ಹೌದ್ರಿ?" ಎಂದಳು ಸೀತವ್ವ. "ನಾ ಮುಂದ ಇನ್ನೂ ಐತೇನೊ ಅಂತ ಮಾಡಿದ್ನಿ."

ಕಂಡಕ್ಟರ್ ಕರೆದ. ಆಕೆ ಸೀರೆಯನ್ನು ಕೆಸರಿಗೆ ತಾಗದಂತೆ ಎತ್ತಿ ಹಿಡಿದು ಬಸ್ಸು ಹತ್ತಿದಳು. ಕಿಟಕಿಯ ಬಳಿ ಜಾಗ ಸಿಗಲಿಲ್ಲ.